ಕರುಳಿನ ಕಸುಬು

ತುತ್ತು ಗಂಟಲಿಳಿದ ಮೇಲೆ ಅದರ ಉಸ್ತುವಾರಿ ನಮ್ಮ ಕೈಯಲ್ಲಿಲ್ಲ. ಮತ್ತೆ ನಮ್ಮ ಮಾತು ನಡೆಯುವುದು ಗುದದ್ವಾರದಲ್ಲಿ ಮಾತ್ರ. ನಡುವಿನ ಹಾದಿಯನ್ನು ಕರುಳು ಬಹುಮಟ್ಟಿಗೆ ತಾನೇ ನಿಭಾಯಿಸುತ್ತದೆ. ಅದರ ಗೋಡೆಯೊಳಗೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಎರಡು ಸ್ನಾಯುಪದರಗಳ ನಡುವಿನ ಔರ್‌ಬಾಕ್ ನರಜಾಲ ಚಲನೆಯನ್ನು ನೋಡಿಕೊಳ್ಳುತ್ತದೆ. ಒಳಪೊರೆಯಡಿಯ ಮೈಸ್ನರ್ ನರಜಾಲಕ್ಕೆ ಸ್ರವಿಕೆ, ರಕ್ತದ ಹರಿವಿನ ಹೊಣೆ.

1899ರಲ್ಲಿ ಲಂಡನ್ನಿನ ಶರೀರವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್, ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಕರುಳು ಸುಮ್ಮನಾಗಲಿಲ್ಲ. ಒಳಗಿಟ್ಟ ಉಂಡೆಯ ಹಿಂದಿನ ಭಾಗ ಬಿಗಿಯಿತು, ಮುಂದಿನದು ಸಡಿಲವಾಯಿತು. ಹೀಗೆ ಹಿಂದೆ ಒತ್ತಿ ಮುಂದೆ ಜಾಗ ಬಿಡುತ್ತಾ ಅದು ಉಂಡೆಯನ್ನು ಸಾಗಿಸಿತು.

ಈ ಕಸುಬಿನ ನಾಜೂಕು ಎದ್ದು ಕಾಣುವುದು ಕೊನೆಯಲ್ಲಿ. ಅಲ್ಲಿ ಎರಡು ಉಂಗುರ ಸ್ನಾಯುಗಳಿವೆ: ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಹೊರಗಿನದು ಕೇಳುತ್ತದೆ. ಮಲಾಶಯ ತುಂಬಿ ಹಿಗ್ಗಿದಾಗ ಒಳ ಉಂಗುರ ಕ್ಷಣಕಾಲ ತಾನಾಗಿ ಸಡಿಲಗೊಳ್ಳುತ್ತದೆ. ಒಳಗಿರುವುದು ತುಸು ಕೆಳಗಿಳಿದು ಅಲ್ಲಿನ ಸೂಕ್ಷ್ಮ ಪೊರೆಗೆ ತಾಗುತ್ತದೆ. ಗಟ್ಟಿಯೋ, ನೀರೋ, ಬರೀ ವಾಯುವೋ ಎಂದು ಗೊತ್ತಾಗುವುದು ಆಗಲೇ. ಅಷ್ಟು ಹೊತ್ತು ಹೊರ ಉಂಗುರ ಬಿಗಿಹಿಡಿದಿರುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಕೂತವರ ಮಾನ ಉಳಿಯುವುದು ಈ ತಪಾಸಣೆಯಿಂದ.

ಕರುಳಿನ ಈ ಸ್ವಂತ ಆಡಳಿತದ ಮೇಲಿನ ಹಂತ ಬೆನ್ನುಹುರಿಯ ತುದಿ, ಸೇಕ್ರಲ್ 2ರಿಂದ 4ರವರೆಗಿನ ಭಾಗ. ಮಲಾಶಯ ಹಿಗ್ಗಿದ ಸುದ್ದಿ ಅಲ್ಲಿಗೆ ಮುಟ್ಟಿದರೆ, ದೂಡುವ ಬಲ ಹೆಚ್ಚಿಸುವ ಸಂದೇಶ ಮರಳಿ ಬರುತ್ತದೆ. ಹೊರ ಉಂಗುರವನ್ನು ಆಳುವ ಪುಡೆಂಡಲ್ ನರವೂ ಅಲ್ಲಿಂದಲೇ ಹೊರಡುತ್ತದೆ. ಮಿದುಳು ತೀರ್ಮಾನಿಸುವುದು ಮುಖ್ಯವಾಗಿ ಒಂದನ್ನೇ: ಈಗಲೋ, ಆಮೇಲೋ.

ಬೆನ್ನುಹುರಿಗೆ ಪೆಟ್ಟು ಬಿದ್ದವರ ಆರೈಕೆ ನಿಂತಿರುವುದು ಈ ಹಂಚಿಕೆಯ ಮೇಲೆಯೇ. ಪೆಟ್ಟು ಸೇಕ್ರಲ್ ಭಾಗಕ್ಕಿಂತ ಮೇಲಿದ್ದರೆ ಮಿದುಳಿನ ನಂಟು ಕಡಿದರೂ ಕೆಳಗಿನ ರಿಫ್ಲೆಕ್ಸ್ ಉಳಿಯುತ್ತದೆ. ಹೊಟ್ಟೆಗೆ ಆಹಾರ ಬಿದ್ದರೆ ದೊಡ್ಡ ಕರುಳು ಚುರುಕಾಗುವುದು ಸಹಜ ಗುಣ. ಹಾಗಾಗಿ ತಿಂಡಿಯೋ ಬಿಸಿ ಕಾಫಿಯೋ ಆಗಿ ಸುಮಾರು ಅರ್ಧ ಗಂಟೆಗೆ ಕಮೋಡಿನ ಮೇಲೆ ಕೂರಿಸುತ್ತಾರೆ. ಗ್ಲೌಸ್ ತೊಟ್ಟು, ಜೆಲ್ಲಿ ಸವರಿದ ಬೆರಳನ್ನು ಮಲಾಶಯದ ಗೋಡೆಗೆ ತಾಗಿಸಿ 15–20 ಸೆಕೆಂಡು ಮೆಲ್ಲಗೆ ಸುತ್ತಿಸಿದರೆ ರಿಫ್ಲೆಕ್ಸ್ ಎಚ್ಚರಗೊಂಡು ಕರುಳು ದೂಡತೊಡಗುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಹಾಗೆಯೇ ಮಾಡುತ್ತಾರೆ. ಸೇಕ್ರಲ್ ಭಾಗಕ್ಕೇ ಏಟಾಗಿದ್ದರೆ ಆ ರಿಫ್ಲೆಕ್ಸ್ ಸಿಗದು; ಮಲವನ್ನು ತುಸು ಗಟ್ಟಿಯಾಗಿಯೇ ಇರಗೊಟ್ಟು ಬೆರಳಿನಿಂದ ತೆಗೆಯಬೇಕಾಗುತ್ತದೆ.

ಎದೆಮಟ್ಟದ ಆರನೆಯ ಭಾಗದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ಈ ವೇಳೆ ರಕ್ತದೊತ್ತಡ ದಿಢೀರನೆ ಏರಬಹುದು. ತಲೆ ಸಿಡಿಯುವಂಥ ನೋವು, ಮುಖದಲ್ಲಿ ಬೆವರು ಕಂಡರೆ ತಕ್ಷಣ ನಿಲ್ಲಿಸಿ ನೇರ ಕೂರಿಸಿ ವೈದ್ಯರ ನೆರವು ಪಡೆಯಬೇಕು. ಮನೆಯವರು ಈ ವಿಧಾನವನ್ನು ಅನುಭವಿ ನರ್ಸ್ ಜೊತೆ ನಿಂತು ಕಲಿಯಬೇಕು. ಹೊತ್ತು ತಪ್ಪಿಸದೆ ನಡೆಸಿದರೆ ಬಹಳ ಮಂದಿಯ ಕರುಳು ಆ ಹೊತ್ತಿಗೆ ಒಗ್ಗಿಕೊಳ್ಳುತ್ತದೆ, ಅವರು ಬಟ್ಟೆ ಕೆಡುವ ಭಯವಿಲ್ಲದೆ ಹೊರಗೆ ಹೋಗಿ ಬರುತ್ತಾರೆ.