‘ನಾನು ಪುನಃ ಗಾಡಿ ಬಿಡಬಹುದಾ?’ ಈ ಪ್ರಶ್ನೆಗೆ ಉತ್ತರ ಹೇಳುವ ಕೆಲಸವೊಂದು ಉಂಟು

ಕಲ್ಲುಗುಂಡಿಯಿಂದ ಮಾತಾಡ್ತಿದ್ದೇನೆ. ಮಧ್ಯೆ ಲಾರಿ ಹಾರ್ನ್ ಕೇಳಿದ್ರೆ ಬೇಜಾರು ಮಾಡ್ಬೇಡಿ, ಮಾಣಿ–ಮೈಸೂರು ಹೆದ್ದಾರಿ ಇಲ್ಲೇ ಪಕ್ಕದಲ್ಲಿ.

ಈ ಸಲದ ವಿಷಯ ಕೇಳುಗರೊಬ್ಬರ ಮೆಸೇಜಿನಿಂದ ಬಂದದ್ದು. "ಅಕ್ಕಾ, ನಾನು ಪಿಯುಸಿ ಸೈನ್ಸ್. ನಮ್ಮ ಮಾವ ಅಡಿಕೆ ಮರದಿಂದ ಬಿದ್ದು ಸೊಂಟದಿಂದ ಕೆಳಗೆ ಬಲ ಇಲ್ಲ. ಮೊದಲು ಜೀಪು ಬಿಡ್ತಿದ್ರು. ಅಮೆರಿಕದಲ್ಲಿ ಇಂಥವರಿಗೆ ಪುನಃ ಡ್ರೈವಿಂಗ್ ಕಲಿಸ್ಲಿಕ್ಕೆ ಸರ್ಟಿಫಿಕೇಟ್ ಇರುವವರು ಉಂಟಂತೆ. ನಾನು ಅದಾಗಬಹುದಾ?"

ಸುಳ್ಯ, ಪುತ್ತೂರು, ಕಡಬ ಕಡೆಯವರಿಗೆ ಇದು ದೂರದ ಪ್ರಶ್ನೆ ಅಲ್ಲ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ನಮ್ಮ ಊರುಗಳಲ್ಲಿದ್ದಾರೆ. ಮನೆ ತೋಟದ ಒಳಗೆ, ಬಸ್ಸು ನಿಲ್ಲುವುದು ಎಲ್ಲೋ ಕೆಳಗೆ ರಸ್ತೆಯಲ್ಲಿ. ಆಸ್ಪತ್ರೆಗೆ ಹೋಗುವುದಾದ್ರೂ, ಸೊಸೈಟಿಗೆ ಹೋಗುವುದಾದ್ರೂ ಯಾರಾದ್ರೂ ಎತ್ತಿಕೊಂಡು ಹೋಗ್ಬೇಕು. ಇಂಥ ಕಡೆ ಗಾಡಿ ಬಿಡ್ಲಿಕ್ಕೆ ಬರುವುದೆಂದರೆ ಇನ್ನೊಬ್ಬರನ್ನು ಕಾಯದೆ ಬದುಕುವುದು.

ಮೊದಲು ಈ ಕೆಲಸ ಎಂತದ್ದು ನೋಡುವ. ಇಂಗ್ಲಿಷ್‌ನಲ್ಲಿ ಡ್ರೈವರ್ ರಿಹ್ಯಾಬಿಲಿಟೇಶನ್ ಸ್ಪೆಷಲಿಸ್ಟ್ ಅಂತಾರೆ. ಇವರು ಬರೀ ಡ್ರೈವಿಂಗ್ ಮಾಸ್ಟರ್ ಅಲ್ಲ, ಬರೀ ಥೆರಪಿಸ್ಟೂ ಅಲ್ಲ. ಎರಡರ ನಡುವಿನವರು.

ಕೆಲಸ ಹಂತ ಹಂತವಾಗಿ ನಡೀತದೆ. ಮೊದಲ ಹಂತ ಕೋಣೆಯ ಒಳಗೆ. ದೃಷ್ಟಿ ಎಷ್ಟು, ಪಕ್ಕದಿಂದ ಬರುವುದು ಕಾಣ್ತದಾ, ಕುತ್ತಿಗೆ ತಿರುಗ್ತದಾ, ಕೈಯಲ್ಲಿ ಎಷ್ಟು ಬಲ, ತಕ್ಷಣ ಪ್ರತಿಕ್ರಿಯೆ ಕೊಡ್ಲಿಕ್ಕೆ ಎಷ್ಟು ಹೊತ್ತು ಬೇಕು, ಎರಡು ವಿಷಯಕ್ಕೆ ಒಟ್ಟಿಗೆ ಗಮನ ಕೊಡ್ಲಿಕ್ಕೆ ಆಗ್ತದಾ ಅಂತ ಪರೀಕ್ಷೆ ಮಾಡ್ತಾರೆ. ಎರಡನೇ ಹಂತ ರಸ್ತೆಯಲ್ಲಿ. ತಜ್ಞರ ಕಾಲ ಕೆಳಗೂ ಬ್ರೇಕ್ ಇರುವ ಕಾರಿನಲ್ಲಿ ಓಡಿಸಿ ನೋಡುವುದು. ಮೂರನೇದು, ಯಾವ ಸಲಕರಣೆ ಬೇಕು ಅಂತ ಬರೆದು ಕೊಡುವುದು. ಆಮೇಲೆ ಆ ಸಲಕರಣೆ ಹಾಕಿದ ಗಾಡಿಯಲ್ಲೇ ಅಭ್ಯಾಸ ಮಾಡಿಸುವುದು.

ಸಲಕರಣೆ ಅಂದ್ರೆ ಭಾರೀ ಏನೂ ಅಲ್ಲ. ಎಡಗಾಲಿಗೆ ಮಾತ್ರ ತೊಂದರೆ ಇರುವ ಹೆಚ್ಚಿನವರಿಗೆ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರೇ ಸಾಕು. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಕಡಿಮೆ ಬೆಲೆಯ ಆಟೋಮ್ಯಾಟಿಕ್ ಗೇರ್ ಬಂದ ಮೇಲೆ ಇದು ಸಾಮಾನ್ಯರ ಕೈಗೂ ಎಟುಕಿತು. ಬಲಗಾಲು ಇಲ್ಲದವರಿಗೆ ಆಕ್ಸಿಲರೇಟರನ್ನು ಎಡಗಾಲಿನ ಕಡೆಗೆ ತರಬಹುದು. ಎರಡೂ ಕಾಲಿಗೆ ಬಲ ಇಲ್ಲದಿದ್ದರೆ ಹ್ಯಾಂಡ್ ಕಂಟ್ರೋಲ್. ಸ್ಟಿಯರಿಂಗ್ ಪಕ್ಕ ಒಂದು ಲಿವರ್, ಕೈಯಲ್ಲೇ ಬ್ರೇಕು, ಕೈಯಲ್ಲೇ ಆಕ್ಸಿಲರೇಟರ್. ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸ್ಲಿಕ್ಕೆ ಚಕ್ರದ ಮೇಲೆ ಒಂದು ಗುಬ್ಬಿ.

ಲಿವರ್ ಹಾಕ್ಲಿಕ್ಕೆ ಮೆಕ್ಯಾನಿಕ್ ಸಾಕಲ್ವಾ, ತಜ್ಞರು ಯಾಕೆ ಅಂತ ನೀವು ಕೇಳಬಹುದು. ಸಂಪಾಜೆ ಘಾಟಿ ನೆನಪು ಮಾಡಿಕೊಳ್ಳಿ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಕಾಲಿನ ಜೊತೆ ಹೊಟ್ಟೆ, ಸೊಂಟದ ಹಿಡಿತವೂ ಹೋಗಿರ್ತದೆ. ತಿರುವಿನಲ್ಲಿ ಮೈ ಒಂದು ಕಡೆ ವಾಲಿದ್ರೆ ಲಿವರ್ ಹಿಡಿದ ಕೈಯೂ ವಾಲ್ತದೆ. ಅವರಿಗೆ ಎದೆಗೆ ಬೆಲ್ಟ್ ಬೇಕು, ಸೀಟಿಗೆ ಪಕ್ಕದ ಆಧಾರ ಬೇಕು. ಚರ್ಮಕ್ಕೆ ಸ್ಪರ್ಶ ಗೊತ್ತಾಗದವರು ಗಂಟೆಗಟ್ಟಲೆ ಒಂದೇ ಸೀಟಿನಲ್ಲಿ ಕೂತರೆ ಹುಣ್ಣಾಗ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಪಾರ್ಶ್ವವಾಯು ಆದವರ ವಿಷಯ ಇನ್ನೂ ಸೂಕ್ಷ್ಮ. ಕೈಕಾಲು ಸರಿಯಾದ ಮೇಲೂ ಕೆಲವರಿಗೆ ಒಂದು ಬದಿಯ ನೋಟ ಹೋಗಿರ್ತದೆ. ಎಡಗಡೆಯಿಂದ ಬರುವ ಬೈಕ್ ಅವರ ಪಾಲಿಗೆ ಇಲ್ಲವೇ ಇಲ್ಲ. ಮೆಕ್ಯಾನಿಕ್ ಇದನ್ನು ಹೇಗೆ ಕಂಡುಹಿಡಿಯುವುದು?

ಹಾಗಾಗಿ ಈ ಕೆಲಸದ ಅತಿ ಕಷ್ಟದ ಭಾಗ ‘ಬೇಡ’ ಅನ್ನುವುದು. ತಪ್ಪು ‘ಹೌದು’ ರಸ್ತೆಯಲ್ಲಿ ಜೀವ ತೆಗೀತದೆ. ತಪ್ಪು ‘ಬೇಡ’ ಒಬ್ಬರನ್ನು ಜನ್ಮ ಪೂರ್ತಿ ಜಗಲಿಯಲ್ಲಿ ಕೂರಿಸ್ತದೆ. ಎರಡೂ ಆಗದ ಹಾಗೆ ನೋಡಿಕೊಳ್ಳುವುದಕ್ಕೇ ಈ ತರಬೇತಿ.

ಈಗ ಸರ್ಟಿಫಿಕೇಟ್ ವಿಷಯ. ಅಮೆರಿಕದಲ್ಲಿ ಇದಕ್ಕೊಂದು ವೃತ್ತಿಪರರ ಸಂಘ ಉಂಟು, ಹೆಸರು ಎಡೆಡ್. ಹುಟ್ಟಿದ್ದು 1977ರಲ್ಲಿ. ಅವರು ಕೊಡುವುದು ಸಿಡಿಆರ್‌ಎಸ್ ಅನ್ನುವ ಪ್ರಮಾಣಪತ್ರ. ಅದಕ್ಕೆ ಬರೀ ಪರೀಕ್ಷೆ ಬರೆದ್ರೆ ಸಾಲದು. ಆರೋಗ್ಯ, ಥೆರಪಿ ಅಥವಾ ಡ್ರೈವಿಂಗ್ ಶಿಕ್ಷಣದಂಥ ಹಿನ್ನೆಲೆ ಬೇಕು, ಈ ಕ್ಷೇತ್ರದಲ್ಲೇ ಇಷ್ಟು ಗಂಟೆ ಕೆಲಸ ಮಾಡಿದ್ದೇನೆ ಅಂತ ಲೆಕ್ಕ ತೋರಿಸ್ಬೇಕು. ಪಾಸಾದ ಮೇಲೂ ಕಲಿಯುತ್ತಾ ಇದ್ದು ಆಗಾಗ ನವೀಕರಿಸ್ಬೇಕು. ಆಸ್ಟ್ರೇಲಿಯಾದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆದವರು ಮೇಲೊಂದು ಕೋರ್ಸ್ ಮಾಡಿ ಡ್ರೈವರ್ ಅಸೆಸರ್ ಆಗ್ತಾರೆ.

ನಮ್ಮಲ್ಲಿ? ನೇರವಾಗಿ ಹೇಳ್ತೇನೆ: ಭಾರತದ ಮೋಟಾರು ಕಾನೂನಿನಲ್ಲಿ ಈ ಹುದ್ದೆ ಇಲ್ಲ. ಕೆಲಸ ಮಾತ್ರ ತುಂಡು ತುಂಡಾಗಿ ಹಂಚಿಹೋಗಿದೆ. ಡಾಕ್ಟರು ಸರ್ಟಿಫಿಕೇಟ್ ಬರೀತಾರೆ, ಮೆಕ್ಯಾನಿಕ್ ಲಿವರ್ ಹಾಕ್ತಾರೆ, ಡ್ರೈವಿಂಗ್ ಸ್ಕೂಲ್‌ನವರು ಕಲಿಸ್ತಾರೆ, ಆರ್‌ಟಿಒ ಅಧಿಕಾರಿ ಟೆಸ್ಟ್ ತಗೊಳ್ತಾರೆ. ಇವರೆಲ್ಲರ ನಡುವೆ ಓಡಾಡುವವರು ಯಾರು? ನಡೆಯಲಿಕ್ಕೆ ಆಗದ ಅದೇ ಮನುಷ್ಯ.

ಕಾನೂನು ಅಡ್ಡ ಇಲ್ಲ, ಅದು ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗೆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಅಂತ ಹೆಸರಿತ್ತು. 2019ರ ತಿದ್ದುಪಡಿಯಲ್ಲಿ ಅದು ‘ಅಡಾಪ್ಟೆಡ್ ವೆಹಿಕಲ್’ ಆಯ್ತು. ಅಂದ್ರೆ ಮನುಷ್ಯನಿಗೆ ಹೊಂದಿಸಿದ ಗಾಡಿ. ಅಂಥ ಗಾಡಿ ಬಿಡ್ಲಿಕ್ಕೆ ನೀವು ಸಮರ್ಥರು ಅಂತ ಅಧಿಕಾರಿಗೆ ಮನವರಿಕೆಯಾದ್ರೆ ಲೈಸೆನ್ಸ್ ಕೊಡಬಹುದು. ಕಿವಿ ಕೇಳದವರೂ ಲೈಸೆನ್ಸ್ ಪಡೆಯಬಹುದು ಅಂತ ದಿಲ್ಲಿ ಹೈಕೋರ್ಟ್ 2011ರಲ್ಲೇ ಹೇಳಿದೆ. ಕಡಿಮೆ ಅಥವಾ ಮಧ್ಯಮ ಪ್ರಮಾಣದ ಬಣ್ಣಗುರುಡು ಇದ್ದವರಿಗೆ 2020ರಲ್ಲಿ ನಿಯಮ ಸಡಿಲಾಯ್ತು. ಗಾಡಿ ಬದಲಾಯಿಸಿದ್ರೆ ಅದು ಆರ್‌ಸಿಯಲ್ಲಿ ದಾಖಲಾಗ್ಬೇಕು, ಇನ್ಶೂರೆನ್ಸ್ ಕಂಪನಿಗೂ ತಿಳಿಸ್ಬೇಕು. ಇದನ್ನು ಬಿಟ್ರೆ ಅಪಘಾತವಾದಾಗ ಕ್ಲೇಮ್‌ಗೆ ಪೇಚಾಡ್ಬೇಕಾದೀತು.

ಕೇರಳದ ಒಂದು ಉದಾಹರಣೆ ನೋಡಿ. ಇಡುಕ್ಕಿಯ ಜಿಲುಮೋಲ್ ಮರಿಯೆಟ್ ಥಾಮಸ್ ಅವರಿಗೆ ಹುಟ್ಟಿನಿಂದ ಎರಡೂ ಕೈ ಇಲ್ಲ. 2023ರ ಡಿಸೆಂಬರ್‌ನಲ್ಲಿ ಅವರಿಗೆ ಕಾರಿನ ಲೈಸೆನ್ಸ್ ಸಿಕ್ಕಿತು, ಕಾಲಿನಲ್ಲೇ ಸ್ಟಿಯರಿಂಗ್ ಹಿಡೀತಾರೆ. ಅಲ್ಲಿಗೆ ತಲುಪಲಿಕ್ಕೆ ವರ್ಷಗಳೇ ಹಿಡಿದವು. ರಾಜ್ಯದ ವಿಕಲಚೇತನರ ಆಯುಕ್ತರು ಮಧ್ಯೆ ಬರಬೇಕಾಯ್ತು, ಕೊಚ್ಚಿಯ ಒಂದು ಕಂಪನಿ ಕಾರನ್ನು ಹೊಂದಿಸಿ ಕೊಡಬೇಕಾಯ್ತು, ಡ್ರೈವಿಂಗ್ ಸ್ಕೂಲ್ ಧೈರ್ಯ ಮಾಡಬೇಕಾಯ್ತು. ಅವರ ಛಲಕ್ಕೆ ಕೈಮುಗಿಯುವ. ಆದ್ರೆ ಲೈಸೆನ್ಸ್ ಬೇಕಾದ ಪ್ರತಿಯೊಬ್ಬರಿಗೂ ಅಷ್ಟು ಛಲ ಇರ್ಲೇಬೇಕು ಅಂತ ಆಗಬಾರದಲ್ವಾ? ತಜ್ಞರು ಬೇಕಾಗುವುದು ಇಲ್ಲಿಯೇ.

ಈಗ ಮೆಸೇಜ್ ಮಾಡಿದವರ ಪ್ರಶ್ನೆಗೆ ಬರುವ. ದಾರಿ ಎರಡು ಉಂಟು.

ಒಂದು, ಥೆರಪಿ ದಾರಿ. ಪಿಯುಸಿ ಸೈನ್ಸ್‌ನಲ್ಲಿ ಬಯಾಲಜಿ ಇದ್ರೆ ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ, ಅಂದ್ರೆ ಬಿಒಟಿ ಸೇರಬಹುದು. ನಾಲ್ಕು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್. ಫಿಸಿಯೋಥೆರಪಿ ಬೇರೆ, ಇದು ಬೇರೆ. ಊಟ ಮಾಡುವುದು, ಬಟ್ಟೆ ಹಾಕುವುದು, ಕೆಲಸಕ್ಕೆ ಹೋಗುವುದು ಇಂಥ ದಿನನಿತ್ಯದ ಕೆಲಸಗಳನ್ನು ಪುನಃ ಸಾಧ್ಯ ಮಾಡುವುದು ಇದರ ಗುರಿ. ಡ್ರೈವಿಂಗ್ ಅದರಲ್ಲೇ ಸೇರ್ತದೆ. ನಮಗೆ ಹತ್ತಿರದಲ್ಲಿ ಮಣಿಪಾಲ ಉಂಟು. ಕೇಂದ್ರ ಸರಕಾರದ ಸಂಸ್ಥೆಗಳು ಚೆನ್ನೈ ಹತ್ತಿರದ ಮುಟ್ಟುಕಾಡು, ಕಟಕ್‌ನಲ್ಲಿವೆ. ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಉಂಟಾ ನೋಡಿಕೊಳ್ಳಿ. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ಈ ವೃತ್ತಿ ಅದರ ವ್ಯಾಪ್ತಿಯಲ್ಲಿದೆ.

ಎರಡು, ಡ್ರೈವಿಂಗ್ ಸ್ಕೂಲ್ ದಾರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 24ನೇ ನಿಯಮದ ಪ್ರಕಾರ ಸ್ಕೂಲ್ ನಡೆಸ್ಲಿಕ್ಕೆ, ಕಲಿಸ್ಲಿಕ್ಕೆ 10ನೇ ತರಗತಿ ಪಾಸು, ಐದು ವರ್ಷದ ಡ್ರೈವಿಂಗ್ ಅನುಭವ, ಮೋಟಾರ್ ಮೆಕ್ಯಾನಿಕ್ಸ್ ಸರ್ಟಿಫಿಕೇಟ್ ಬೇಕು. ಐಟಿಐ ಓದುವವರು ಇದನ್ನು ಗಮನಿಸಿ. ತರಬೇತಿ ಕಾರಿನಲ್ಲಿ ಡ್ಯುಯಲ್ ಕಂಟ್ರೋಲ್ ಇರ್ಲೇಬೇಕು ಅಂತ ಅದೇ ನಿಯಮ ಹೇಳ್ತದೆ. ಆ ಕಾರಿಗೆ ಒಂದು ಹ್ಯಾಂಡ್ ಕಂಟ್ರೋಲ್ ಸೇರಿಸಿ, ಒಬ್ಬ ಥೆರಪಿಸ್ಟ್ ಜೊತೆ ಕೈಜೋಡಿಸಿದ್ರೆ ಮುಕ್ಕಾಲು ಕೆಲಸ ಆಯ್ತು. ಇಬ್ಬರು ಸ್ನೇಹಿತರು ಈ ಎರಡು ದಾರಿ ಹಂಚಿಕೊಂಡ್ರೂ ಆಗ್ತದೆ.

ಅಮೆರಿಕದ ಪರೀಕ್ಷೆ ಆಮೇಲಿನ ಮಾತು. ಅದು ಬಂದರೆ ಜ್ಞಾನಕ್ಕೆ, ವಿದೇಶದ ಕೆಲಸಕ್ಕೆ ಅನುಕೂಲ. ಆದ್ರೆ ಇಲ್ಲಿ ಲೈಸೆನ್ಸ್ ಕೊಡುವುದು ಆರ್‌ಟಿಒ, ನಮಗಾದ್ರೆ ಪುತ್ತೂರು. ನೀವು ಕೊಡುವುದು ವರದಿ. ಆ ವರದಿ ಸ್ಪಷ್ಟವಾಗಿದ್ರೆ ಅಧಿಕಾರಿಗೂ ಧೈರ್ಯ.

ಈಗಿಂದೀಗ ಮಾಡಬಹುದಾದ ಕೆಲಸವೂ ಉಂಟು. ರಜೆಯಲ್ಲಿ ಒಂದು ಪುನಶ್ಚೇತನ ಕೇಂದ್ರ ನೋಡಿ ಬನ್ನಿ. ಕೊಕ್ಕಡದ ಸೌತಡ್ಕದಲ್ಲಿ ಬೆನ್ನುಹುರಿ ಅಪಘಾತವಾದವರಿಗಾಗಿಯೇ ಸೇವಾಧಾಮ ಇದೆ. ಮೊದಲು ಫೋನ್ ಮಾಡಿ, ಅನುಮತಿ ಕೇಳಿ ಹೋಗಿ. ಅಲ್ಲಿದ್ದವರ ಹತ್ರ ‘ನಿಮಗೆ ಎಲ್ಲಿಗೆ ಹೋಗ್ಬೇಕು ಅಂತ ಉಂಟು?’ ಅಂತ ಕೇಳಿ. ಈ ವೃತ್ತಿಯಲ್ಲಿ ಎಲ್ಲ ಲೆಕ್ಕಾಚಾರ ಶುರುವಾಗುವುದು ಆ ಪ್ರಶ್ನೆಯಿಂದಲೇ.

ಮಾವನ ವಿಷಯಕ್ಕೆ ಒಂದು ಮಾತು. ಗಾಡಿ ಖರೀದಿ ಮೊದಲು ಬೇಡ, ಲಿವರ್ ಮೊದಲು ಬೇಡ. ಮೊದಲು ಡಾಕ್ಟರು, ಥೆರಪಿಸ್ಟ್ ಹತ್ರ ಪರೀಕ್ಷೆ. ಆಮೇಲೆ ಆರ್‌ಟಿಒದಲ್ಲಿ ಲೈಸೆನ್ಸ್ ವಿಚಾರಣೆ. ಗಾಡಿ ಕೊನೆಗೆ.

ನಿಮ್ಮ ಮನೆಯಲ್ಲಿ, ನೆರೆಕರೆಯಲ್ಲಿ ಯಾರಾದ್ರೂ ಹೊಂದಿಸಿದ ಗಾಡಿ ಬಿಡ್ತಿದ್ರೆ ಹೇಗೆ ಕಲಿತ್ರು ಅಂತ ವಾಯ್ಸ್ ಮೆಸೇಜ್ ಕಳಿಸಿ. ಅವರ ಅನುಭವವನ್ನು ಇನ್ನೊಂದು ಎಪಿಸೋಡ್‌ನಲ್ಲಿ ಕೇಳುವ.