ಪ್ಯೂಜೊ ೨೦೫ ಜಿಟಿಐ ಕಾರಿನ ನಿಯಂತ್ರಣ ಮತ್ತು ಬ್ರೇಕ್ ಸುಧಾರಣೆ

ಪ್ಯೂಜೊ ೨೦೫ ಜಿಟಿಐ ಎಂಬುದು ಫ್ರಾನ್ಸ್ ದೇಶದ ಪ್ಯೂಜೊ ಸಂಸ್ಥೆಯು ೧೯೮೪ರಲ್ಲಿ ಮಾರುಕಟ್ಟೆಗೆ ತಂದ ಮುಂಚಕ್ರ ಚಾಲನೆಯ ಸಣ್ಣ ವೇಗದ ಕಾರು. ದಿನಬಳಕೆಯ ಹ್ಯಾಚ್‌ಬ್ಯಾಕ್ ಕಾರಿನ ಒಡಲಿಗೆ ಹೆಚ್ಚು ಶಕ್ತಿಯ ಎಂಜಿನ್ನನ್ನೂ ಬಿಗಿಯಾದ ಸಸ್ಪೆನ್ಷನ್ನನ್ನೂ ಅಳವಡಿಸಿದ ಇಂತಹ ಕಾರುಗಳನ್ನು 'ಹಾಟ್ ಹ್ಯಾಚ್' ಎಂದು ಕರೆಯುವುದು ವಾಡಿಕೆ. ೧೯೭೬ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ವರ್ಗವನ್ನು ಜನಪ್ರಿಯಗೊಳಿಸಿತು. ೨೦೫ ಜಿಟಿಐ ತನ್ನ ಚುರುಕಾದ ತಿರುವಿನಿಂದ ಹೆಸರಾದಂತೆಯೇ, ಅಜಾಗರೂಕ ಚಾಲಕನನ್ನು ರಸ್ತೆಯಿಂದ ಹೊರಗೆ ಎಸೆಯುವ ಸ್ವಭಾವದಿಂದಲೂ ಹೆಸರಾಗಿದೆ. ಯುರೋಪಿನ ಹವ್ಯಾಸಿಗಳು ಇಂದಿಗೂ ಈ ಕಾರುಗಳನ್ನು ಉಳಿಸಿಕೊಂಡು, ಅವುಗಳ ರಸ್ತೆ ಹಿಡಿತವನ್ನೂ ಬ್ರೇಕ್ ವ್ಯವಸ್ಥೆಯನ್ನೂ ಉತ್ತಮಪಡಿಸುತ್ತಾರೆ. ಈ ಕೆಲಸದ ಹಿಂದಿರುವ ತತ್ತ್ವಗಳು ಬಹುತೇಕ ಎಲ್ಲ ಮುಂಚಕ್ರ ಚಾಲನೆಯ ಸಣ್ಣ ಕಾರುಗಳಿಗೂ ಅನ್ವಯಿಸುತ್ತವೆ.

ಕಾರಿನ ಪರಿಚಯ

ಮೊದಲ ಮಾದರಿಯಲ್ಲಿ ೧.೬ ಲೀಟರಿನ, ೧೦೫ ಅಶ್ವಶಕ್ತಿಯ ಎಂಜಿನ್ ಇತ್ತು. ೧೯೮೬ರಲ್ಲಿ ಅದನ್ನು ೧೧೫ ಅಶ್ವಶಕ್ತಿಗೆ ಏರಿಸಲಾಯಿತು. ಅದೇ ವರ್ಷ ೧.೯ ಲೀಟರಿನ ೧೩೦ ಅಶ್ವಶಕ್ತಿಯ ಮಾದರಿಯೂ ಬಂದಿತು. ಕಾರಿನ ತೂಕ ಸುಮಾರು ೮೫೦ರಿಂದ ೯೦೦ ಕಿಲೋಗ್ರಾಂ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ ೨.೪೨ ಮೀಟರ್. ೧.೬ ಮಾದರಿಗೆ ೧೪ ಇಂಚಿನ ಚಕ್ರಗಳು, ಮುಂದೆ ಗಾಳಿಯಾಡುವ ಡಿಸ್ಕ್ ಮತ್ತು ಹಿಂದೆ ಡ್ರಮ್ ಬ್ರೇಕುಗಳಿದ್ದವು. ೧.೯ ಮಾದರಿಗೆ ೧೫ ಇಂಚಿನ ಚಕ್ರಗಳೂ ನಾಲ್ಕೂ ಕಡೆ ಡಿಸ್ಕ್ ಬ್ರೇಕುಗಳೂ ದೊರೆತವು. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ೧೯೮೫ ಮತ್ತು ೧೯೮೬ರಲ್ಲಿ ಗೆದ್ದ ೨೦೫ ಟರ್ಬೊ ೧೬ ಹೆಸರಿನಲ್ಲಿ ಮಾತ್ರ ಇದರ ಸಂಬಂಧಿ. ಅದರ ಎಂಜಿನ್ ಒಡಲಿನ ನಡುವೆ ಇದ್ದು ನಾಲ್ಕೂ ಚಕ್ರಗಳನ್ನು ತಿರುಗಿಸುತ್ತಿತ್ತು.

ಮುಂಚಕ್ರ ಚಾಲನೆಯ ಸ್ವಭಾವ

ಟೈರು ರಸ್ತೆಯನ್ನು ಹಿಡಿಯುವ ಬಲಕ್ಕೆ ಒಂದು ಮಿತಿಯಿದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಮುಂದಿನ ಎರಡು ಟೈರುಗಳೇ ಕಾರನ್ನು ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಹೆಚ್ಚಿನ ಪಾಲನ್ನೂ ಹೊರಬೇಕು. ಒಂದೇ ಸಂಬಳದಲ್ಲಿ ಮೂರು ಸಂಸಾರ ತೂಗಿಸುವ ಪರಿಸ್ಥಿತಿ ಇದು. ತಿರುವಿನ ನಡುವೆ ವೇಗವರ್ಧಕವನ್ನು ಅತಿಯಾಗಿ ಒತ್ತಿದರೆ ಎಳೆಯುವ ಕೆಲಸಕ್ಕೆ ಹಿಡಿತ ಖರ್ಚಾಗಿ, ತಿರುಗಿಸಲು ಉಳಿಯುವುದು ಕಡಿಮೆಯಾಗುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ತಿರುವಿನ ಹೊರಕ್ಕೆ ಸರಿಯುತ್ತದೆ. ಇದಕ್ಕೆ ಅಂಡರ್‌ಸ್ಟಿಯರ್ ಎಂದು ಹೆಸರು.

ಇದಕ್ಕೆ ವಿರುದ್ಧವಾದ ದೋಷ ಓವರ್‌ಸ್ಟಿಯರ್, ಎಂದರೆ ಕಾರಿನ ಹಿಂಭಾಗ ಹೊರಕ್ಕೆ ಜಾರುವುದು. ೨೦೫ ಜಿಟಿಐ ಕಾರಿನ ಕುಖ್ಯಾತಿ ಇರುವುದು ಇಲ್ಲಿಯೇ. ತಿರುವಿನಲ್ಲಿ ವೇಗ ಹೆಚ್ಚಾಯಿತೆಂದು ಗಾಬರಿಗೊಂಡ ಚಾಲಕನು ವೇಗವರ್ಧಕದಿಂದ ಥಟ್ಟನೆ ಕಾಲು ತೆಗೆದರೆ, ಎಂಜಿನ್ ಕಾರನ್ನು ತಡೆಯುತ್ತದೆ. ಭಾರ ಮುಂದಕ್ಕೆ ವರ್ಗವಾಗುತ್ತದೆ. ಹಗುರಾದ ಹಿಂದಿನ ಟೈರುಗಳು ಹಿಡಿತ ಕಳೆದುಕೊಳ್ಳುತ್ತವೆ. ಮುಂದಿನವು ಹೆಚ್ಚುವರಿ ಭಾರದಿಂದ ಇನ್ನಷ್ಟು ಬಿಗಿಯಾಗಿ ತಿರುಗುತ್ತವೆ. ಕ್ಷಣಾರ್ಧದಲ್ಲಿ ಕಾರು ಬುಗುರಿಯಂತೆ ಸುತ್ತುತ್ತದೆ. ಹೆದರಿದಾಗ ಕಾಲು ತೆಗೆಯುವುದು ಮನುಷ್ಯನ ಸಹಜ ಪ್ರವೃತ್ತಿಯಾದ್ದರಿಂದ ಈ ದೋಷ ಬಹಳ ಅಪಾಯಕಾರಿ. ಮಳೆಯಲ್ಲಿ ಅಪಾಯ ಇಮ್ಮಡಿಸುತ್ತದೆ. ಕಾರು ಜಾರತೊಡಗಿದ ಮೇಲೆ ಬ್ರೇಕ್ ಒತ್ತುವುದು ಕೆಡುಕನ್ನು ಹೆಚ್ಚಿಸುತ್ತದೆ. ಜಾರುವ ದಿಕ್ಕಿಗೆ ಸ್ಟಿಯರಿಂಗ್ ತಿರುಗಿಸಿ, ವೇಗವರ್ಧಕವನ್ನು ಮೃದುವಾಗಿ ಒತ್ತಿದರೆ ಭಾರ ಹಿಂದಕ್ಕೆ ಮರಳಿ ಹಿಡಿತ ಸಿಗುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿಕೊಂಡವನಿಗೆ ಈ ಸಾಹಸದ ಅಗತ್ಯ ಬರುವುದಿಲ್ಲ.

ಸುಧಾರಣೆಗೆ ಮೊದಲು ದುರಸ್ತಿ

ಮೂವತ್ತು ವರ್ಷ ದಾಟಿದ ಕಾರಿಗೆ ಹೊಸ ಬಿಡಿಭಾಗ ಹಾಕುವ ಮುನ್ನ ಸವೆದಿರುವುದನ್ನು ಸರಿಪಡಿಸಬೇಕು. ಹವ್ಯಾಸಿಗಳು ಹೆಚ್ಚಾಗಿ ಎಡವುವುದು ಈ ಹಂತದಲ್ಲಿ.

೨೦೫ರ ಹಿಂದಿನ ಸಸ್ಪೆನ್ಷನ್ ರಚನೆ ವಿಶಿಷ್ಟವಾದುದು. ಸುರುಳಿ ಸ್ಪ್ರಿಂಗಿನ ಬದಲು ಅಡ್ಡಲಾಗಿ ಇರಿಸಿದ ಉಕ್ಕಿನ ತಿರುಚು ದಂಡಗಳು ಭಾರವನ್ನು ಹೊರುತ್ತವೆ. ಪ್ರತಿ ಚಕ್ರವೂ ಹಿಂದಕ್ಕೆ ಚಾಚಿದ ಒಂದು ತೋಳಿನ ತುದಿಯಲ್ಲಿದ್ದು, ಆ ತೋಳು ಅಡ್ಡ ಕೊಳವೆಯೊಳಗಿನ ಸೂಜಿ ಬೇರಿಂಗುಗಳ ಮೇಲೆ ತಿರುಗುತ್ತದೆ. ಆಘಾತ ಶಾಮಕಗಳೂ ಬಹುತೇಕ ಮಲಗಿದ ಸ್ಥಿತಿಯಲ್ಲಿರುವುದರಿಂದ ಸಾಮಾನು ಇಡುವ ಜಾಗ ವಿಶಾಲವಾಗಿದೆ. ಆದರೆ ಮುದ್ರೆ ಹಾಳಾಗಿ ನೀರು ಒಳಸೇರಿದರೆ ಬೇರಿಂಗುಗಳು ತುಕ್ಕು ಹಿಡಿದು ಪುಡಿಯಾಗುತ್ತವೆ. ಹಳೆಯ ಬಾಗಿಲಿನಂತಹ ಕಿರುಗುಟ್ಟುವಿಕೆ ಮೊದಲ ಲಕ್ಷಣ. ಮುಂದೆ ಹಿಂದಿನ ಚಕ್ರಗಳ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಹಿಂದಿನಿಂದ ನೋಡಿದವರಿಗೆ ಬರಿಗಣ್ಣಿಗೇ ಇದು ಕಾಣುತ್ತದೆ. ಈ ಸ್ಥಿತಿಯಲ್ಲಿ ಚಕ್ರದ ಕೋನವು ತಿರುವಿನಲ್ಲಿ ತನ್ನಷ್ಟಕ್ಕೆ ಬದಲಾಗುತ್ತದೆ. ಮೊದಲೇ ಜಾರುವ ಗುಣವುಳ್ಳ ಹಿಂಭಾಗಕ್ಕೆ ಇದು ಸೇರಿದರೆ ಎಷ್ಟು ಬೆಲೆಯ ಟೈರೂ ಕಾಪಾಡಲಾರದು. ತಡಮಾಡಿದರೆ ತೋಳಿನ ಒಳಗಂಬವೇ ಸವೆದು, ಬೇರಿಂಗ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಇಡೀ ಅಚ್ಚನ್ನು ಪುನರ್‌ನಿರ್ಮಿಸುವವರೆಗೆ ಬೆಳೆಯುತ್ತದೆ.

ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆಯಲ್ಲಿ ಕೆಳತೋಳಿನ ರಬ್ಬರ್ ಬುಷ್‌ಗಳು, ಬಾಲ್ ಜಾಯಿಂಟುಗಳು, ಸ್ಟ್ರಟ್ಟಿನ ಮೇಲಿನ ಬೇರಿಂಗುಗಳನ್ನು ಪರಿಶೀಲಿಸಬೇಕು. ಗಟ್ಟಿಯಾದ ಪಾಲಿಯುರೆಥೇನ್ ಬುಷ್‌ಗಳು ಸ್ಟಿಯರಿಂಗನ್ನು ಚುರುಕುಗೊಳಿಸುತ್ತವೆ, ಆದರೆ ಅದುರುವಿಕೆಯನ್ನೂ ಸದ್ದನ್ನೂ ಒಡಲಿಗೆ ದಾಟಿಸುತ್ತವೆ. ದಿನನಿತ್ಯ ಓಡಿಸುವ ಕಾರಿಗೆ ಹೊಸ ರಬ್ಬರ್ ಬುಷ್‌ಗಳೇ ಸಾಕು.

ಟೈರು, ಸ್ಪ್ರಿಂಗ್ ಮತ್ತು ಆಂಟಿ-ರೋಲ್ ದಂಡ

ನಿಯಂತ್ರಣದ ಸುಧಾರಣೆಯಲ್ಲಿ ಖರ್ಚಿಗೆ ತಕ್ಕ ಫಲ ಕೊಡುವುದು ಒಳ್ಳೆಯ ಟೈರು. ನಾಲ್ಕೂ ಒಂದೇ ಬಗೆಯವಾಗಿರಬೇಕು. ಮುಂಚಕ್ರಗಳೇ ಎಲ್ಲ ಕೆಲಸ ಮಾಡುತ್ತವೆಂದು ಹೊಸ ಟೈರುಗಳನ್ನು ಮುಂದೆ ಹಾಕಿ ಸವೆದವನ್ನು ಹಿಂದಕ್ಕೆ ತಳ್ಳುವ ರೂಢಿ ಹಲವೆಡೆ ಇದೆ. ಒದ್ದೆ ರಸ್ತೆಯಲ್ಲಿ ಹಿಂಭಾಗ ಮೊದಲು ಜಾರಲು ಇದೊಂದೇ ಕಾರಣ ಸಾಕು. ಹಿಡಿತ ಹೆಚ್ಚಿರುವ ಜೋಡಿ ಹಿಂದೆ ಇರುವುದು ಕ್ಷೇಮ.

ಕಾರನ್ನು ತಗ್ಗಿಸುವುದು ನೋಟಕ್ಕೆ ಚೆಂದ, ಗುರುತ್ವ ಕೇಂದ್ರವೂ ಕೆಳಗಿಳಿಯುತ್ತದೆ. ಇದಕ್ಕೊಂದು ಮಿತಿಯಿದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಕಾರನ್ನು ಅತಿಯಾಗಿ ತಗ್ಗಿಸಿದರೆ ಕೆಳತೋಳಿನ ಹೊರತುದಿ ಒಳತುದಿಗಿಂತ ಮೇಲೇರುತ್ತದೆ. ಆಗ ಒಡಲು ವಾಲುವ ಅಕ್ಷದ ಕೇಂದ್ರವು ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಕ್ಕೆ ಸರಿಯುತ್ತದೆ; ಎರಡರ ನಡುವಿನ ಅಂತರ ಹೆಚ್ಚಿ, ಕಾರು ಮೊದಲಿಗಿಂತ ಜಾಸ್ತಿ ವಾಲಲು ಬಯಸುತ್ತದೆ. ಜೊತೆಗೆ ಸ್ಟಿಯರಿಂಗ್ ದಂಡದ ಕೋನ ಕೆಟ್ಟು, ಉಬ್ಬುತಗ್ಗುಗಳಲ್ಲಿ ಚಕ್ರಗಳು ತಾವಾಗಿಯೇ ಆಚೀಚೆ ತಿರುಗುತ್ತವೆ. ಸಾರ್ವಜನಿಕ ರಸ್ತೆಗೆ ಎರಡು ಮೂರು ಸೆಂಟಿಮೀಟರಿನಷ್ಟು ತಗ್ಗಿಸಿದರೆ ಸಾಕೆಂಬುದು ಅನುಭವಿಗಳ ಅಭಿಪ್ರಾಯ. ಹಿಂದಿನ ಎತ್ತರವನ್ನು ತಿರುಚು ದಂಡದ ತುದಿಯ ಹಲ್ಲುಗಳನ್ನು ಸರಿಸಿ ಹೊಂದಿಸಲಾಗುತ್ತದೆ. ಗಟ್ಟಿ ಸ್ಪ್ರಿಂಗಿಗೆ ಹೊಂದುವ ಶಾಮಕ ಇಲ್ಲದಿದ್ದರೆ ಚಕ್ರ ರಸ್ತೆಯ ಮೇಲೆ ಪುಟಿಯುತ್ತದೆ. ಪುಟಿಯುವ ಚಕ್ರಕ್ಕೆ ಹಿಡಿತವೆಲ್ಲಿಯದು?

ಆಂಟಿ-ರೋಲ್ ದಂಡವು ಎಡಬಲ ಚಕ್ರಗಳನ್ನು ಜೋಡಿಸಿ ಒಡಲಿನ ವಾಲುವಿಕೆಯನ್ನು ತಡೆಯುತ್ತದೆ. ಯಾವ ಅಚ್ಚಿನಲ್ಲಿ ಈ ದಂಡ ದಪ್ಪವಾಗಿದೆಯೋ ಆ ಅಚ್ಚಿನ ಹೊರಚಕ್ರದ ಮೇಲೆ ಭಾರ ಹೆಚ್ಚಿ, ಅಲ್ಲಿನ ಒಟ್ಟು ಹಿಡಿತ ಕುಗ್ಗುತ್ತದೆ. ಹಿಂದೆ ದಪ್ಪ ದಂಡ ಹಾಕಿದರೆ ಅಂಡರ್‌ಸ್ಟಿಯರ್ ತಗ್ಗುವುದು ಈ ಕಾರಣದಿಂದ. ಅದೇ ಕಾರಣದಿಂದ ಕಾಲು ತೆಗೆದಾಗ ಹಿಂಭಾಗ ಜಾರುವ ಅಪಾಯವೂ ಏರುತ್ತದೆ. ಆದ್ದರಿಂದ ೨೦೫ರಲ್ಲಿ ಇದನ್ನು ಸ್ಪರ್ಧಾ ಪಥಕ್ಕೆ ಮೀಸಲಿಡುವುದು ಲೇಸು. ಹವ್ಯಾಸಿಗಳಲ್ಲಿ ಜನಪ್ರಿಯವಾದ ಇನ್ನೊಂದು ಮಾರ್ಗವೆಂದರೆ ಸೋದರ ಮಾದರಿಯಾದ ೩೦೯ ಜಿಟಿಐ ಕಾರಿನ ಹಿಂದಿನ ಅಚ್ಚನ್ನು ಅಳವಡಿಸುವುದು. ಅದು ತುಸು ಅಗಲವಾಗಿದೆ. ೩೦೯ರ ಸಾಮಾನ್ಯ ಮಾದರಿಯನ್ನು ೧೯೯೦ರ ದಶಕದ ಮಧ್ಯಭಾಗದಲ್ಲಿ ಮುಂಬಯಿ ಬಳಿಯ ಕಲ್ಯಾಣದಲ್ಲಿ ಪಾಲ್-ಪ್ಯೂಜೊ ಸಂಸ್ಥೆ ತಯಾರಿಸಿ ಭಾರತದಲ್ಲಿ ಮಾರಿತ್ತು.

ತಿರುವಿನಿಂದ ಹೊರಬರುವಾಗ ಹಗುರಾದ ಒಳಚಕ್ರ ಸುಮ್ಮನೆ ಸುತ್ತಿ ಶಕ್ತಿ ವ್ಯರ್ಥವಾಗುವುದನ್ನು ಸೀಮಿತ ಜಾರಿಕೆಯ ಡಿಫರೆನ್ಷಿಯಲ್ ತಡೆಯುತ್ತದೆ. ಇದು ದುಬಾರಿ ಕೆಲಸ, ಗೇರ್‌ಪೆಟ್ಟಿಗೆಯನ್ನು ಬಿಚ್ಚಬೇಕಾಗುತ್ತದೆ.

ಬ್ರೇಕ್ ವ್ಯವಸ್ಥೆ

ಬ್ರೇಕ್ ಎಂದರೆ ಚಲನಶಕ್ತಿಯನ್ನು ಶಾಖವಾಗಿ ಬದಲಿಸುವ ಸಾಧನ. ೯೦೦ ಕಿಲೋಗ್ರಾಂ ತೂಕದ ಕಾರು ಗಂಟೆಗೆ ೧೦೦ ಕಿಲೋಮೀಟರ್ ವೇಗದಿಂದ ನಿಂತಾಗ ಸುಮಾರು ೩೪೭ ಕಿಲೋಜೂಲ್ ಶಾಖ ಹುಟ್ಟುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ವೇಗ ೧೬೦ ಕಿಲೋಮೀಟರಿಗೆ ಏರಿದರೆ ಈ ಮೊತ್ತ ಎರಡೂವರೆ ಪಟ್ಟಿಗೂ ತುಸು ಹೆಚ್ಚಾಗುತ್ತದೆ, ಏಕೆಂದರೆ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಘಟ್ಟದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಾಕಿದಾಗ ಡಿಸ್ಕ್ ತಣಿಯಲು ಸಮಯ ಸಿಗದೆ, ಪ್ಯಾಡಿನ ಘರ್ಷಣೆ ಕುಂದಿ, ಪೆಡಲ್ ಒತ್ತಿದರೂ ಕಾರು ನಿಲ್ಲದ ಸ್ಥಿತಿ ಬರುತ್ತದೆ.

ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ನಿಂತಾಗ ಮುಂದೆ ೫೬೦, ಹಿಂದೆ ೩೪೦ ಕಿಲೋಗ್ರಾಂ ಭಾರವಿದೆ, ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಒಣ ರಸ್ತೆಯಲ್ಲಿ ಗುರುತ್ವದ ೦.೯ ಪಟ್ಟು ಮಂದಗತಿಯಲ್ಲಿ ಬ್ರೇಕ್ ಹಾಕಿದರೆ ಸುಮಾರು ೧೬೭ ಕಿಲೋಗ್ರಾಂ ಭಾರ ಮುಂದಕ್ಕೆ ಸರಿದು, ಮುಂದೆ ೭೨೭ ಆಗಿ ಹಿಂದೆ ೧೭೩ ಮಾತ್ರ ಉಳಿಯುತ್ತದೆ. ನಿಲ್ಲಿಸುವ ಕೆಲಸದಲ್ಲಿ ಹಿಂಚಕ್ರಗಳ ಪಾಲು ಐದರಲ್ಲೊಂದಕ್ಕಿಂತ ಕಡಿಮೆ. ೧.೬ ಮಾದರಿಯ ಹಿಂದಿನ ಡ್ರಮ್ಮುಗಳನ್ನು ಕಿತ್ತು ಡಿಸ್ಕ್ ಹಾಕುವುದರಿಂದ ರಸ್ತೆಯ ಮೇಲೆ ದೊಡ್ಡ ಲಾಭವಿಲ್ಲವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಇಲ್ಲಿ ಸಮತೋಲನವೇ ಮುಖ್ಯ. ಹಿಂದಿನ ಬ್ರೇಕ್ ಅಗತ್ಯಕ್ಕಿಂತ ಬಲವಾದರೆ ಹಿಂಚಕ್ರಗಳು ಮೊದಲು ಬಿಗಿದುಕೊಂಡು ಕಾರು ಸುತ್ತುತ್ತದೆ. ಇದನ್ನು ತಡೆಯಲು ಹಿಂದಕ್ಕೆ ಹೋಗುವ ದ್ರವದ ಒತ್ತಡವನ್ನು ಒಂದು ಮಿತಿಯ ನಂತರ ತಗ್ಗಿಸುವ ಕವಾಟವಿದೆ. ಅದನ್ನು ತೆಗೆದುಹಾಕುವುದು ಮೂರ್ಖತನ. ಈ ಕಾರುಗಳಲ್ಲಿ ಬಹುಪಾಲಿಗೆ ಚಕ್ರ ಬಿಗಿಯದಂತೆ ಕಾಯುವ ಎಬಿಎಸ್ ಇಲ್ಲ. ಇನ್ನೊಂದೆಡೆ, ಮುಂದೆ ಮಾತ್ರ ಭಾರಿ ಬ್ರೇಕ್ ಹಾಕಿದರೆ ಮುಂಚಕ್ರಗಳು ಬೇಗ ಬಿಗಿದುಕೊಂಡು, ಹಿಂದಿನ ಟೈರುಗಳ ಹಿಡಿತ ಬಳಕೆಯಾಗದೆ ಉಳಿಯುತ್ತದೆ. ಮೂಲ ಬ್ರೇಕುಗಳೇ ಚಕ್ರವನ್ನು ಬಿಗಿಯಬಲ್ಲಷ್ಟು ಶಕ್ತವಾಗಿರುವಾಗ ಒಂದು ಬಾರಿಯ ನಿಲುಗಡೆಯ ದೂರವನ್ನು ನಿರ್ಧರಿಸುವುದು ಟೈರು. ದೊಡ್ಡ ಡಿಸ್ಕ್ ಕೊಡುವ ಲಾಭ ಶಾಖವನ್ನು ತಾಳುವ ಶಕ್ತಿ.

ಆದುದರಿಂದ ಮೊದಲು ಮಾಡಬೇಕಾದ ಕೆಲಸಗಳು ಅಗ್ಗದವು. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ೪ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ ೨೩೦ ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಮೇಲೆ ಈ ಕನಿಷ್ಠ ಮಿತಿ ೧೫೫ ಡಿಗ್ರಿ. ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಕುಸಿಯುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು ಯಾವುದೇ ಬಣ್ಣದ ಕ್ಯಾಲಿಪರಿಗಿಂತ ಉಪಯುಕ್ತ. ಅಂಟಿಕೊಂಡ ಕ್ಯಾಲಿಪರುಗಳನ್ನು ಶುಚಿಗೊಳಿಸಿ, ಒಳ್ಳೆಯ ಪ್ಯಾಡುಗಳನ್ನು ಹಾಕಬೇಕು. ಸ್ಪರ್ಧೆಗೆಂದು ತಯಾರಾದ ಪ್ಯಾಡುಗಳು ಬಿಸಿಯಾಗದೆ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಊರೊಳಗಿನ ಓಡಾಟಕ್ಕೆ ತಕ್ಕವಲ್ಲ. ಉಕ್ಕಿನ ಹೆಣಿಗೆಯ ಕೊಳವೆಗಳು ಪೆಡಲನ್ನು ಗಟ್ಟಿಗೊಳಿಸುತ್ತವೆ, ನಿಲುಗಡೆಯ ದೂರವನ್ನು ಕಡಿಮೆ ಮಾಡುವುದಿಲ್ಲ.

ಪಥದಲ್ಲಿ ಓಡಿಸುವವರು ಮುಂದಿನ ೨೪೭ ಮಿಲಿಮೀಟರ್ ಡಿಸ್ಕಿನ ಬದಲು ಪ್ಯೂಜೊದ ದೊಡ್ಡ ಮಾದರಿಗಳ ೨೬೬ ಮಿಲಿಮೀಟರ್ ಡಿಸ್ಕ್‌ಗಳನ್ನು, ಇಲ್ಲವೇ ೩೦೬ ಜಿಟಿಐ-೬ ಕಾರಿನ ೨೮೩ ಮಿಲಿಮೀಟರ್ ಡಿಸ್ಕ್‌ಗಳನ್ನು ಬಳಸುತ್ತಾರೆ. ಡಿಸ್ಕಿನ ಜೊತೆ ಅದರ ಕ್ಯಾಲಿಪರೂ ಬೇಕು. ೨೮೩ರ ಅಳತೆ ೧೪ ಇಂಚಿನ ಚಕ್ರದೊಳಗೆ ಹಿಡಿಸುವುದಿಲ್ಲ. ಹೊಸ ಪ್ಯಾಡು ಮತ್ತು ಡಿಸ್ಕ್ ಹಾಕಿದ ಮೇಲೆ, ಖಾಲಿ ರಸ್ತೆಯಲ್ಲಿ ಪೂರ್ತಿ ನಿಲ್ಲಿಸದೆ ಹಲವು ಬಾರಿ ಮಧ್ಯಮ ಒತ್ತಡದಿಂದ ವೇಗ ತಗ್ಗಿಸಿ ಅವುಗಳನ್ನು ಪಳಗಿಸಬೇಕು.

ಕಾನೂನಿನ ಅಂಶ

ಜರ್ಮನಿಯಲ್ಲಿ ಸಸ್ಪೆನ್ಷನ್ ಅಥವಾ ಬ್ರೇಕ್ ಭಾಗಗಳ ಬದಲಾವಣೆಗೆ ಅನುಮೋದನೆ ಪತ್ರ ಅಗತ್ಯ. ಭಾರತದಲ್ಲಿ ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕರ್ನಾಟಕದಲ್ಲಿ ಮುಂಚಕ್ರ ಚಾಲನೆಯ ಹ್ಯಾಚ್‌ಬ್ಯಾಕ್ ಕಾರುಗಳನ್ನು ಹೊಂದಿರುವವರಿಗೂ ಇದು ಅನ್ವಯಿಸುತ್ತದೆ. ಟೈರಿನ ಗಾಳಿಯ ಒತ್ತಡ, ಚಕ್ರಗಳ ಜೋಡಣೆ, ಬ್ರೇಕ್ ದ್ರವ, ತಯಾರಕರ ಅಳತೆಯದೇ ಪ್ಯಾಡು ಮತ್ತು ಶಾಮಕಗಳ ಬದಲಾವಣೆ ಇವೆಲ್ಲ ಸಾಧಾರಣ ನಿರ್ವಹಣೆಯ ಕೆಲಸಗಳು.