ನೋಯದ ಗಾಯ

ಪ್ರಶ್ನೆ: ಮಧುಮೇಹವಿರುವ ನಮ್ಮ ತಂದೆಯವರ ಅಂಗಾಲಿನಲ್ಲಿ ಮುಳ್ಳು ಮುರಿದು ಕೀವಾಗಿದೆ, ಆದರೂ ಅವರಿಗೆ ನೋವೇ ಇಲ್ಲ. ಇದು ಹೇಗೆ?

ಉತ್ತರ: ರಕ್ತದಲ್ಲಿ ಸಕ್ಕರೆಯು ಬಹುವರ್ಷಗಳ ಕಾಲ ಮಿತಿಮೀರಿದ್ದಾಗ ನರತಂತುಗಳು ಕ್ರಮೇಣ ಕ್ಷೀಣಿಸುತ್ತವೆ, ಅವುಗಳಲ್ಲಿಯೂ ಅತ್ಯಂತ ದೀರ್ಘವಾದವು, ಅಂದರೆ ಕಾಲ್ಬೆರಳವರೆಗೆ ಹಬ್ಬಿದವು, ಮೊದಲು ಕೆಡುವುದರಿಂದ ಸ್ಪರ್ಶಜ್ಞಾನವು ಪಾದದಿಂದಲೇ ಲುಪ್ತವಾಗತೊಡಗುತ್ತದೆ. ಬೆವರು ತಗ್ಗಿ ಚರ್ಮವೊಣಗಿ ಹಿಮ್ಮಡಿ ಬಿರಿಯುತ್ತದೆ. ರಕ್ತನಾಳಗಳೂ ಸಂಕುಚಿತಗೊಂಡಿದ್ದರೆ ಗಾಯ ಮಾಯುವುದೇ ದುಸ್ತರ.

ನೋವನ್ನು ನಾವೆಲ್ಲರೂ ಶಪಿಸುವೆವಾದರೂ, ಅದರ ಅಭಾವವು ಎಂತಹ ಅನರ್ಥಕ್ಕೆ ಮೂಲವೆಂಬುದನ್ನು ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆಯಿತ್ತ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ಮನಗಾಣಿಸಿದರು: ಆ ರೋಗಿಗಳ ಪಾದದ ವ್ರಣಗಳು ಬಹುಮಟ್ಟಿಗೆ ಸ್ಪರ್ಶವಿಲ್ಲದ ಕಾಲು ತಾನರಿಯದೆ ಸಹಿಸಿದ ಒತ್ತಡ ಮತ್ತು ಪೆಟ್ಟುಗಳ ಫಲ. ಅಂತಹ ಪಾದಗಳಿಗೆ ಕೊಡುವ ಮೃದು ರಬ್ಬರಿನ ಎಂಸಿಆರ್ ಚಪ್ಪಲಿಯನ್ನು ಇಂದು ಮಧುಮೇಹಿಗಳೂ ಧರಿಸುತ್ತಾರೆ.

ಪಾದದ ಸ್ಪರ್ಶಜ್ಞಾನವನ್ನು ಅರಿಯುವ ಪರೀಕ್ಷೆ ಅತಿ ಸರಳ. ರೋಗಿಯು ಕಣ್ಮುಚ್ಚಿರುವಾಗ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ವೈದ್ಯರು ಅಂಗಾಲಿನ ಹಲವೆಡೆ ತಾಗಿಸುತ್ತಾರೆ. ಎಳೆ ಬಾಗಿದರೂ ಅರಿವಾಗದಿದ್ದಲ್ಲಿ ಆ ಪಾದವು ಅಪಾಯದಲ್ಲಿದೆಯೆಂದೇ ತಿಳಿಯಬೇಕು.

ನಡುಹಗಲಿನ ಬಿಸಿಲಿಗೆ ಕಾದ ದೇವಾಲಯದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ (ಪ್ರಾತಃಕಾಲದ ದರ್ಶನವೇ ಲೇಸು), ಬಿಸಿನೀರಿನ ಶಾಖ, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಇವೆಲ್ಲವೂ ವರ್ಜ್ಯ. ಪ್ರತಿರಾತ್ರಿ ಅಂಗಾಲನ್ನೂ ಬೆರಳಸಂದಿಗಳನ್ನೂ ಒಳ್ಳೆಯ ಬೆಳಕಿನಲ್ಲಿ ಪರಿಶೀಲಿಸಬೇಕು. ತಂದೆಯವರಿಗೆ ಬಗ್ಗಲಾಗದಿದ್ದರೆ ನೀವೇ ನೋಡಿರಿ. ಈಗಿನ ಕೀವನ್ನಂತೂ ಮನೆಮದ್ದಿಗೆ ಬಿಡದೆ ಇಂದೇ ವೈದ್ಯರಿಗೆ ತೋರಿಸಿರಿ.